ಶಿವಯೋಗಪ್ಪನ ಕಣ್ಣೀರು

ಕೊಟ್ಟೂರಿನಲ್ಲಿ ಯಾರಾದರೂ ತೀರಿಕೊಂಡರೆ ಸುದ್ದಿ ಮೊದಲು ನೆಂಟರಿಗೆ ಹೋಗುತ್ತಿತ್ತು, ಅದರ ಬೆನ್ನಿಗೇ ಗೋಣಿಚೀಲದ ಅಂಗಡಿಯ ಶಿವಯೋಗಪ್ಪನಿಗೆ. ನೆಂಟರು ಬಸ್ಸು ತಪ್ಪಿಸಿಕೊಂಡು ತಡಮಾಡಿಯಾರು, ಶಿವಯೋಗಪ್ಪ ತಡಮಾಡಿದ್ದಿಲ್ಲ. ಹೆಗಲ ಮೇಲೊಂದು ಬಿಳಿ ಟವೆಲ್ಲು ಎಳೆದುಕೊಂಡು, ಅಂಗಡಿಯ ಶಟರನ್ನು ಅರ್ಧಕ್ಕೆ ಇಳಿಸಿ, ಮಣ್ಣಿಗೆ ಹೋಗಿ ಬರುತ್ತೇನೆಂದು ಹೆಂಡತಿ ನಾಗಲಿಂಗಮ್ಮನಿಗೆ ಒಂದು ಮಾತು ಹೇಳಿ ಹೊರಟುಬಿಡುತ್ತಿದ್ದ. ಸತ್ತವರು ಬೀಗರೋ, ಮಾತುಬಿಟ್ಟ ದಾಯಾದಿಗಳೋ, ಹೆಸರೂ ಗೊತ್ತಿಲ್ಲದ ಬಾಡಿಗೆ ಮನೆಯವರೋ, ಅವನಿಗೆ ಭೇದವಿರಲಿಲ್ಲ. ಮೆರವಣಿಗೆಯ ಎದುರಿಗೆ ನಿಂತು, ಸತ್ತವರ ಕಡೆ ಮುಖ ಮಾಡಿ, ಬೆನ್ನ ಹಿಂದಕ್ಕೆ ಹೆಜ್ಜೆ ಹಾಕುತ್ತ, ಸ್ಮಶಾನ ಮುಟ್ಟುವ ತನಕ ಗಳಗಳನೆ ಅಳುತ್ತಿದ್ದ. ಸತ್ತವರ ಸ್ವಂತ ಮಕ್ಕಳೇ ಅವನನ್ನು ನೋಡಿ ನಾಚಿಕೊಂಡು, ಒಣಗಿದ ಕಣ್ಣಿಗೆ ಟವೆಲ್ಲು ಒತ್ತಿಕೊಂಡದ್ದುಂಟು.

ಇದರಿಂದ ಅವನಿಗೆ ಊರಿನಲ್ಲಿ ಬಂದ ಹೆಸರು ಸಣ್ಣದಲ್ಲ. ಕರುಳಿರುವ ಮನುಷ್ಯನೆಂದರೆ ಶಿವಯೋಗಪ್ಪ ಎಂದು ಜನ ಮಾತಾಡುತ್ತಿದ್ದರು. ಅಣ್ಣತಮ್ಮಂದಿರು ಪಾಲಾಗುವಾಗ ಅವನನ್ನು ಕರೆಸುತ್ತಿದ್ದರು. ಗಂಡನ ಮನೆಯಿಂದ ಮುನಿಸಿಕೊಂಡು ಬಂದ ಹೆಣ್ಣುಮಕ್ಕಳಿಗೆ ಬುದ್ಧಿ ಹೇಳಲು ಅವನೇ ಬೇಕಿತ್ತು. ನಮ್ಮಪ್ಪನ ಮಣ್ಣಿಗೆ ಬಂದು ಅತ್ತವನು ನಮಗೆ ಮೋಸ ಮಾಡುತ್ತಾನೆಯೇ ಎಂಬುದು ಅವರ ತರ್ಕ.

ನಿಜ ಸಂಗತಿ ಗೊತ್ತಿದ್ದವರು ಊರಿನಲ್ಲಿ ಬೆರಳೆಣಿಕೆಯ ಮಂದಿ. ಶಿವಯೋಗಪ್ಪ ಯಾವತ್ತೂ ಹೆಣದ ಕಡೆ ಮುಖ ಮಾಡಿದವನೇ ಅಲ್ಲ. ಹೆಣದ ಮುಂದೆ ಬ್ಯಾಂಡಿನವರು ನಡೆಯುತ್ತಿದ್ದರು. ಬ್ಯಾಂಡಿನ ನಡುವೆ ಭಜಂತ್ರಿ ಎರ್ರೆಪ್ಪ ಎರಡು ಕೆನ್ನೆ ಉಬ್ಬಿಸಿ ಕ್ಲಾರಿಯೋನೆಟ್ಟು ಊದುತ್ತ ಬರುತ್ತಿದ್ದ. ಶಿವಯೋಗಪ್ಪನ ಮುಖ ಇರುತ್ತಿದ್ದುದು ಆ ಕರಿಯ ಕೊಳವೆಯ ಕಡೆಗೆ. ಎರ್ರೆಪ್ಪ ಶಿವರಂಜನಿ ಹಿಡಿದನೆಂದರೆ ಇವನ ಕಣ್ಣು ನಲ್ಲಿಯಾಗುತ್ತಿತ್ತು. ಹಿಂದೆ ಯಾರು ಮಲಗಿದ್ದಾರೆ, ಗಂಡಸೋ ಹೆಂಗಸೋ ಎಂಬುದು ಎಷ್ಟೋ ಸಲ ಅವನಿಗೆ ಮನೆಗೆ ಬಂದ ಮೇಲೆ ನಾಗಲಿಂಗಮ್ಮ ಹೇಳಿದಾಗಲೇ ತಿಳಿಯುತ್ತಿತ್ತು.

ನಾಗಲಿಂಗಮ್ಮನಿಗೆ ಈ ರೋಗ ಗೊತ್ತಾದದ್ದು ಮದುವೆಯ ದಿನವೇ. ಮದುಮಗನ ಮೆರವಣಿಗೆ ಬರುತ್ತದೆಂದು ಹೆಣ್ಣಿನ ಕಡೆಯವರು ಆರತಿ ಹಿಡಿದು ನಿಂತಿದ್ದರೆ, ಮೊದಲು ಬೆನ್ನು ಮಾಡಿಕೊಂಡು ಮದುಮಗ ಬಂದ, ಆಮೇಲೆ ಬ್ಯಾಂಡು ಬಂತು, ಕಡೆಗೆ ಬರಿಯ ಕುದುರೆ ಬಂತು. ಎರ್ರೆಪ್ಪ ಆಗ ಇನ್ನೂ ಪ್ರಾಯದವನು, ಉಸಿರು ಗಟ್ಟಿ ಇತ್ತು. ಕುದುರೆಯ ಮೇಲೆ ಕೂತರೆ ಸರಿಯಾಗಿ ಕೇಳುವುದಿಲ್ಲವೆಂದು ವರ ಇಳಿದುಬಿಟ್ಟಿದ್ದ. ಹುಡುಗನಿಗೆ ತಲೆ ನೆಟ್ಟಗಿದೆಯೋ ಇಲ್ಲವೋ ವಿಚಾರಿಸಿರೆಂದು ಹೆಣ್ಣಿನ ಊರಾದ ತಂಬ್ರಹಳ್ಳಿಯ ಹಿರಿಯರು ಪಿಸುಗುಟ್ಟಿದರಂತೆ. ವಿಚಾರಿಸಲು ಹೊತ್ತಿರಲಿಲ್ಲ, ಅಕ್ಕಿಕಾಳು ಬಿದ್ದುಹೋಯಿತು.

ಹೀಗೆ ಬೆನ್ನ ಹಿಂದಕ್ಕೆ ನಡೆಯುವವನು ಚರಂಡಿಗೆ ಬೀಳದೆ ಉಳಿದದ್ದು ದರ್ಜಿ ಸೋಮಪ್ಪನಿಂದ. ಸೋಮಪ್ಪನಿಗೆ ಸಂಗೀತವೆಂದರೆ ಹೊಲಿಗೆ ಯಂತ್ರದ ಸದ್ದಿಗಿಂತ ಹೆಚ್ಚಿನದೇನಲ್ಲ. ಆದರೆ ಬಾಲ್ಯದ ಗೆಳೆಯ. ಶಿವಯೋಗಪ್ಪನ ಬೆನ್ನ ಮೇಲೆ ಒಂದು ಕೈ ಇಟ್ಟುಕೊಂಡು ಜೊತೆಗೆ ನಡೆಯುತ್ತಿದ್ದ. ಎಡಕ್ಕೆ ಚಿವುಟಿದರೆ ಚರಂಡಿ, ಬಲಕ್ಕೆ ಚಿವುಟಿದರೆ ಎಮ್ಮೆ, ನಡುವೆ ಗುದ್ದಿದರೆ ಕರೆಂಟಿನ ಕಂಬ. ನೋಡುವವರಿಗೆ ಅದು ದುಃಖದಲ್ಲಿ ಕುಸಿಯುತ್ತಿರುವವನಿಗೆ ಗೆಳೆಯನ ಆಸರೆಯಂತೆ ಕಾಣುತ್ತಿತ್ತು.

ಶಿವಯೋಗಪ್ಪನಿಗೆ ಇದ್ದದ್ದು ಒಂದೇ ಕೊರಗು. ಅವನು ಯಾವ ರಾಗದ ಕೊನೆಯನ್ನೂ ಕೇಳಿದವನಲ್ಲ. ಎರ್ರೆಪ್ಪ ಕಲ್ಯಾಣಿ ಎತ್ತಿಕೊಂಡು, ಬಜಾರು ದಾಟಿ, ಇನ್ನೇನು ಮೇಲಕ್ಕೆ ಹತ್ತಬೇಕು ಅನ್ನುವಾಗ ಮದುವೆಯ ಚಪ್ಪರ ಬಂದುಬಿಡುತ್ತಿತ್ತು. ಶಿವರಂಜನಿ ಕುದುರಿಕೊಳ್ಳುವಷ್ಟರಲ್ಲಿ ಸ್ಮಶಾನ ಬಂದು, ಕುಣಿ ತೋಡಿದವರು ಕೈಬೀಸಿ ಸಾಕು ನಿಲ್ಲಿಸಿರೆನ್ನುತ್ತಿದ್ದರು. ಮುಂದೇನು ಎಂದು ಎರ್ರೆಪ್ಪನನ್ನು ಕೇಳಿದರೆ, ಮುಂದಿನದು ತನಗೂ ತಿಳಿಯದು, ತನ್ನ ಅಪ್ಪನೂ ಚಪ್ಪರದ ತನಕವೇ ಹೇಳಿಕೊಟ್ಟಿದ್ದು ಎಂದುಬಿಡುತ್ತಿದ್ದ.

ಆದರೂ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲೂಕಿನಲ್ಲಿ ಎರ್ರೆಪ್ಪನಂಥ ಊದುಗಾರ ಇಲ್ಲವೆಂದು ಶಿವಯೋಗಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಒಂದು ದಿನ ಪಕ್ಕದ ಅಡತಿ ಅಂಗಡಿಯಲ್ಲಿ ಕಾಳುಕಡಿಯ ದಲಾಲಿ ನಡೆಸುವ ಕೊಟ್ರಸ್ವಾಮಿ ಅದನ್ನು ಕೇಳಿಸಿಕೊಂಡ. ಇಬ್ಬರ ಗೋದಾಮಿನ ನಡುವಿನ ಗೋಡೆ ಯಾರದೆಂಬ ವ್ಯಾಜ್ಯ ಕೋರ್ಟಿನಲ್ಲಿ ಮುದಿಯಾಗುತ್ತಿತ್ತು. ಮಾತು ಬಿಟ್ಟು ಬಹಳ ಕಾಲವಾಗಿತ್ತು. ಆದ್ದರಿಂದ ಕೊಟ್ರಸ್ವಾಮಿ ತನ್ನ ಹಮಾಲನ ಕಡೆ ತಿರುಗಿ, ಶಿವಯೋಗಪ್ಪನಿಗೆ ಕೇಳುವಂತೆ ಹೇಳಿದ.

"ಇವ್ನು ಇನ್ನೊಬ್ಬನ್ನ ಯಾವಾಗ ಕೇಳ್ಯಾನಂತ ಕೇಳು. ಒಂದ ಅಂಗಡ್ಯಾಗ ಕೊಂಡವಗ ರೇಟು ಏನ್ ಗೊತ್ತಿರ್ತೈತಿ?"

ವ್ಯಾಪಾರಿಗೆ ವ್ಯಾಪಾರಿಯ ಮಾತು ತಾಗುವ ಹಾಗೆ ಬೇರೆಯವರದು ತಾಗುವುದಿಲ್ಲ. ಶಿವಯೋಗಪ್ಪನಿಗೆ ಆ ರಾತ್ರಿ ಊಟ ರುಚಿಸಲಿಲ್ಲ. ಇಷ್ಟು ವರ್ಷ ತಾನು ಅತ್ತದ್ದು ಅಳಬೇಕಾದ್ದಕ್ಕೇ ಹೌದೋ, ಅಥವಾ ಕಳಪೆ ಮಾಲಿಗೆ ಸುಮ್ಮನೆ ಕಣ್ಣೀರು ಸುರಿಸಿದನೋ? ಇದು ಒಮ್ಮೆ ಹೊಕ್ಕ ಮೇಲೆ ಚೀಲದೊಳಗೆ ಹೊಕ್ಕ ಇಲಿಯ ಹಾಗೆ ಕಡಿಯತೊಡಗಿತು.

ಅಂಥ ಹೊತ್ತಿಗೆ ಕೋಮಲಾ ಮೊಬೈಲಿಗೆ ಒಂದು ಚಿತ್ರ ಕಳಿಸಿದಳು. ಕೋಮಲಾ ನಾಗಲಿಂಗಮ್ಮನ ತಂಗಿಯ ಮಗಳು, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಆ ಚಿತ್ರದಲ್ಲಿ ಯಾವುದೋ ಸಂಗೀತ ಸಭೆಯವರು ಮೂರು ದಿನ ಕ್ಲಾರಿಯೋನೆಟ್ ಕಛೇರಿ ಇಟ್ಟುಕೊಂಡ ವಿವರವಿತ್ತು. ದಿನಕ್ಕೊಬ್ಬ ವಿದ್ವಾಂಸರು, ಮೂರನೆಯ ದಿನ ಎಲ್ಲರಿಗಿಂತ ದೊಡ್ಡವರು. ಬಾ ದೊಡ್ಡಪ್ಪ, ನಮ್ಮನೆಯಲ್ಲೇ ಇದ್ದು ಕೇಳಿಕೊಂಡು ಹೋಗು ಎಂದು ಕೆಳಗೆ ಬರೆದಿದ್ದಳು.

ಹೊರಡುವ ಮುಂಚಿನ ದಿನ ಶಿವಯೋಗಪ್ಪ ಭಜಂತ್ರಿ ಓಣಿಗೆ ಹೋದ. ಎರ್ರೆಪ್ಪ ಕಟ್ಟೆಯ ಮೇಲೆ ಕೂತು ಕ್ಲಾರಿಯೋನೆಟ್ಟಿನ ಕೀಲಿಗೆ ನೂಲು ಸುತ್ತುತ್ತಿದ್ದ. ಎರಡು ತುಂಡು ಕೂಡುವಲ್ಲಿ ಬಿಗಿಗೆಂದು ಇದ್ದ ಬೆಂಡು ಸವೆದುಹೋಗಿ ಬಹಳ ವರ್ಷವಾಗಿತ್ತು. ನೂಲು ಸುತ್ತದಿದ್ದರೆ ಮೇಲಿನ ತುಂಡು ಕೆಳಗಿನ ತುಂಡಿನಿಂದ ಕಳಚಿ ಬೀಳುತ್ತಿತ್ತು. ಒಂದು ಸ್ಪ್ರಿಂಗಿನ ಜಾಗದಲ್ಲಿ ರಬ್ಬರ್ ಬ್ಯಾಂಡಿತ್ತು. ಅವನಿಗೆ ಆಗಲೇ ಕೆಮ್ಮು ಹಿಡಿದಿತ್ತು, ಮಾತಿಗೊಮ್ಮೆ ಉಸಿರು ಎಳೆಯುತ್ತಿದ್ದ. ಅವನ ಹೆಂಡತಿ ಕೆಂಚಕ್ಕ ಸಾವುಕಾರರು ಬಂದರೆಂದು ಚಾಪೆ ಹಾಕಿದಳು.

ಬೆಂಗಳೂರಿಗೆ ಹೋಗುವ ಸುದ್ದಿಯನ್ನು ಶಿವಯೋಗಪ್ಪ ಆದಷ್ಟು ಹಗುರಾಗಿ ಹೇಳಿದ. ಹೇಳುವಾಗ, ಹೆಂಡತಿಯ ಎದುರು ಇನ್ನೊಬ್ಬಳ ಹೆಸರೆತ್ತಿದವನ ಹಾಗೆ ಅವನು ಚಾಪೆಯ ಅಂಚು ಕೀಳುತ್ತಿದ್ದ. ಎರ್ರೆಪ್ಪ ನೂಲು ಸುತ್ತುವುದನ್ನು ನಿಲ್ಲಿಸಲಿಲ್ಲ. ಕೂತು ಕೇಳುತ್ತೀರೋ ನಿಂತು ಕೇಳುತ್ತೀರೋ ಎಂದಷ್ಟೇ ಕೇಳಿದ. ಕುರ್ಚಿ ಇರುತ್ತವೆ ಎಂದ ಶಿವಯೋಗಪ್ಪ. ಎರ್ರೆಪ್ಪ ಹ್ಞೂಂ ಅಂದ. ಅವನಿಗೂ ಅಭಿಮಾನ ಕಡಿಮೆಯಿರಲಿಲ್ಲ. ಇಂಥ ಒಬ್ಬ ಕೇಳುಗ ತನಗಿದ್ದಾನೆಂದು ಹಡಗಲಿಯ ಬ್ಯಾಂಡಿನವರ ಮುಂದೆ ಮೀಸೆ ತಿರುವುತ್ತಿದ್ದವನು. ಶಿವಯೋಗಪ್ಪ ಎದ್ದು ಚಪ್ಪಲಿ ಮೆಟ್ಟುವಾಗ ತಲೆ ಎತ್ತಿದ.

"ಕೇಳಿ ಬಂದ ಮ್ಯಾಲೆ ಒಂದ ಮಾತು ಹೇಳ್ರಿ ಸಾವ್ಕಾರ್ರ. ಅವ್ರು ಚಲೋನೋ, ನಾ ಚಲೋನೋ. ನನ ಮನಸಿಗೆ ಅಂತ ಸುಳ್ಳು ಹೇಳಬ್ಯಾಡ್ರಿ."

ಹೇಳುತ್ತೇನೆಂದು ಮಾತು ಕೊಟ್ಟು ಶಿವಯೋಗಪ್ಪ ಬಂದ. ಸೋಮಪ್ಪನಿಗೆ ಮದುವೆ ಬಟ್ಟೆಗಳ ಹೊಲಿಗೆ ತಲೆಯ ಮೇಲಿತ್ತು, ಹಾಗಾಗಿ ಅವನು ಬರಲಿಲ್ಲ. ಶಿವಯೋಗಪ್ಪನ ಬೆನ್ನು ಮೊದಲ ಸಲ ಒಂಟಿಯಾಗಿ ಕೂಡ್ಲಿಗಿ ದಾಟಿ, ಚಿತ್ರದುರ್ಗ ದಾಟಿ ಬೆಂಗಳೂರಿಗೆ ಹೋಯಿತು.

ಸಭೆಯೆಂದರೆ ಅದೊಂದು ದೊಡ್ಡ ಹಾಲು. ಮೆತ್ತನೆಯ ಕುರ್ಚಿ, ಕೆಂಪು ರತ್ನಗಂಬಳಿ, ಮೈ ಕೊರೆಯುವ ಏಸಿ. ಹಾಲಿನ ನಡುವೆ ಹಿಂಬಾಗಿಲಿನಿಂದ ವೇದಿಕೆಯ ತನಕ ಅಗಲವಾದ ದಾರಿ. ಮೊದಲ ದಿನದ ವಿದ್ವಾಂಸರು ಕಿವಿಗೆ ಹರಳಿನ ಓಲೆ ಹಾಕಿಕೊಂಡು, ರೇಷ್ಮೆ ಜುಬ್ಬದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಊದುವವನು ಕೂತಿರುವುದನ್ನು ಶಿವಯೋಗಪ್ಪ ಕಂಡದ್ದು ಅದೇ ಮೊದಲು. ಹುಷಾರಿಲ್ಲವೋ ಏನೋ ಎಂದು ಅವನಿಗೆ ಒಂದು ಕ್ಷಣ ಅನುಮಾನ ಬಂತು.

ಅವರು ಊದಿದರು. ಎಂಥ ಊದು ಅದು. ಎಲ್ಲಿಯೂ ಅಪಸ್ವರವಿಲ್ಲ, ಎಲ್ಲಿಯೂ ಗಾಳಿ ಸೋರುವುದಿಲ್ಲ, ಒಂದು ಉಸಿರು ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ತಿಳಿಯುವುದಿಲ್ಲ. ಅಡ್ಡ ಬರಲು ಚಪ್ಪರವೂ ಇಲ್ಲ, ಸ್ಮಶಾನವೂ ಇಲ್ಲ. ಒಂದೊಂದು ರಾಗವೂ ಹುಟ್ಟಿ, ಬೆಳೆದು, ಸಂಸಾರ ಮಾಡಿ, ನೆಮ್ಮದಿಯಾಗಿ ಮುಗಿಯುತ್ತಿತ್ತು. ಶಿವಯೋಗಪ್ಪ ಮೊದಲ ಬಾರಿಗೆ ಕೊನೆ ಕೇಳಿದ. ಎರ್ರೆಪ್ಪ ಇವರ ಮುಂದೆ ಏನೇನೂ ಅಲ್ಲ ಎಂಬುದು ತಿಳಿಯಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಆದರೆ ಕಣ್ಣು ಮಾತ್ರ ಒಣಗಿದ ಕೆರೆ. ಅಕ್ಕಪಕ್ಕದವರು ತೊಡೆ ತಟ್ಟುತ್ತ, ಬೆರಳು ಮಡಚುತ್ತ ಯಾವುದೋ ಲೆಕ್ಕದಲ್ಲಿ ಮುಳುಗಿದ್ದರು. ಶಿವಯೋಗಪ್ಪ ತಾನೂ ತೊಡೆ ತಟ್ಟಿ ನೋಡಿದ. ಕಣ್ಣು ಮುಚ್ಚಿ ನೋಡಿದ. ಕಡೆಗೆ, ಸತ್ತುಹೋದ ತನ್ನ ಅವ್ವನನ್ನು ನೆನೆದು ನೋಡಿದ. ಒಂದು ಹನಿಯೂ ಬರಲಿಲ್ಲ. ಮಂಡಿ ಸೆಳೆಯತೊಡಗಿದ್ದೊಂದೇ ಲಾಭ.

ಮನೆಗೆ ಹೋಗಿ, ಕಣ್ಣಲ್ಲಿ ನೀರು ಬರುತ್ತಿಲ್ಲವೆಂದು ಕೋಮಲಾಳ ಹತ್ತಿರ ಹೇಳಿಕೊಂಡ. ಅವಳು ನರ್ಸು, ಅವಳ ಬಳಿ ಎಲ್ಲದಕ್ಕೂ ಔಷಧವಿತ್ತು. ದೊಡ್ಡಪ್ಪನ ರೆಪ್ಪೆ ಬಿಡಿಸಿ ಮೊಬೈಲಿನ ಬೆಳಕಲ್ಲಿ ನೋಡಿದಳು. ವಯಸ್ಸಾದ ಮೇಲೆ ಕಣ್ಣು ಒಣಗುತ್ತದೆ, ಏಸಿಯಲ್ಲಿ ಕೂತರೆ ಇನ್ನೂ ಹೆಚ್ಚು ಎಂದು ಹೇಳಿ, ಕಣ್ಣಿಗೆ ಹಾಕಿಕೊಳ್ಳುವ ಹನಿ ತಂದುಕೊಟ್ಟಳು. ಮಾರನೆಯ ದಿನ ಶಿವಯೋಗಪ್ಪ ಜೇಬಿನಲ್ಲಿ ಕಣ್ಣೀರಿನ ಸೀಸೆ ಇಟ್ಟುಕೊಂಡು ಸಂಗೀತ ಕೇಳಲು ಹೋದ.

ಅಂದಿನ ವಿದ್ವಾಂಸರು ವಯಸ್ಸಾದವರು. ಕಛೇರಿ ಅರ್ಧ ಕಳೆದ ಮೇಲೆ ಕಲ್ಯಾಣಿ ಎತ್ತಿಕೊಂಡರು. ಅವರ ಉಸಿರು ಅಲ್ಲಲ್ಲಿ ಸೋರುತ್ತಿತ್ತು, ಮೇಲಿನ ಸ್ವರ ಹಿಡಿಯುವಾಗ ಕೆನ್ನೆ ನಡುಗುತ್ತಿತ್ತು. ದಾರಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಶಿವಯೋಗಪ್ಪನ ಪಾದ ತಾನಾಗಿಯೇ ಅಲ್ಲಾಡತೊಡಗಿತು. ಆಮೇಲೆ ನಡೆದದ್ದು ಅವನು ಬೇಕೆಂದು ಮಾಡಿದ್ದಲ್ಲ. ಎದ್ದ, ವೇದಿಕೆಯ ಮುಂದಕ್ಕೆ ಹೋದ, ವಿದ್ವಾಂಸರಿಗೆ ಎದುರಾಗಿ ನಿಂತ, ರಾಗದ ನಡಿಗೆಗೆ ತಕ್ಕಂತೆ ಮೆಲ್ಲಗೆ ಬೆನ್ನ ಹಿಂದಕ್ಕೆ ಹೆಜ್ಜೆ ಇಡತೊಡಗಿದ. ಒಂದೆರಡು ಹೆಜ್ಜೆ ಬಿದ್ದವೋ ಇಲ್ಲವೋ, ಕಣ್ಣು ಒಡೆಯಿತು. ಅಬ್ಬಾ ಎಂದು ಜೀವ ತಣ್ಣಗಾಯಿತು. ಕೆಟ್ಟದ್ದು ಕಣ್ಣಲ್ಲ, ಕುರ್ಚಿ ಎಂಬುದು ಅವನಿಗೆ ಆಗ ಹೊಳೆಯಿತು. ಇಡೀ ಆಯುಷ್ಯ ನಡೆಯುತ್ತ ಕೇಳಿದವನಿಗೆ ಸಂಗೀತ ಕಿವಿಯಿಂದ ಇಳಿಯುವುದಿಲ್ಲ, ಕಾಲಿನಿಂದ ಹತ್ತುತ್ತದೆ.

ಹಿಂಬಾಗಿಲ ತನಕ ಹೋದ. ಅಲ್ಲಿಂದ ಸರಸರನೆ ಮುಂದಕ್ಕೆ ಬಂದು ಮತ್ತೆ ಮೊದಲಿನಿಂದ ಹೊರಟ. ಒಂದಿಬ್ಬರು ಹುಬ್ಬು ಗಂಟಿಕ್ಕಿದರು, ಒಬ್ಬ ಹೆಂಗಸು ಕಾಲು ಒಳಗೆ ಎಳೆದುಕೊಂಡಳು. ಬಾಗಿಲ ಕಾವಲಿನವನು ಹಿಡಿಯಲೋ ಬಿಡಲೋ ತಿಳಿಯದೆ ನಿಂತ. ಕಲ್ಯಾಣಿ ಮೇಲೇರುತ್ತಿತ್ತು. ಊರಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಚಪ್ಪರ ಬರಬೇಕಿತ್ತು. ಇಲ್ಲಿ ಚಪ್ಪರವಿಲ್ಲ, ಇವತ್ತು ಇದು ಕೊನೆ ಮುಟ್ಟುತ್ತದೆ, ಅತ್ತುಕೊಂಡೇ ಮುಟ್ಟುತ್ತೇನೆ ಎಂದು ಅವನ ಎದೆ ಹೊಡೆದುಕೊಂಡಿತು. ಆದರೆ ಬೆನ್ನ ಮೇಲೆ ಸೋಮಪ್ಪನ ಕೈ ಇರಲಿಲ್ಲವಲ್ಲ. ಅದೇ ಗಳಿಗೆಗೆ ಹಿಂಬಾಗಿಲಿನಿಂದ ಅಂದಿನ ಮುಖ್ಯ ಅತಿಥಿ, ತಡವಾಗಿ, ಹಾರ ಶಾಲು ಹಣ್ಣಿನ ಬುಟ್ಟಿ ಹೊತ್ತವರ ಜೊತೆ ಒಳಗೆ ಬಂದರು. ಶಿವಯೋಗಪ್ಪನ ಬೆನ್ನು ನೇರವಾಗಿ ಅವರ ಎದೆಗೆ ಹೋಗಿ ಗುದ್ದಿತು. ಇಬ್ಬರೂ ರತ್ನಗಂಬಳಿಯ ಮೇಲೆ ಕೂತರು. ಮೋಸಂಬಿಗಳು ಉರುಳಿಕೊಂಡು ವೇದಿಕೆಯ ಕಡೆ ಹೋದವು.

ಕಲ್ಯಾಣಿ ನಿಂತಿತು.

ಸಭೆಯ ಕಾರ್ಯದರ್ಶಿ ಓಡಿ ಬಂದ. ಬಂದವನು ಬೈಯಲೆಂದೇ ಬಂದದ್ದು. ಆದರೆ ಎತ್ತಿ ನಿಲ್ಲಿಸಿ ನೋಡಿದರೆ, ಮುದುಕನ ಗಲ್ಲದ ತುಂಬ ನೀರು ಇಳಿಯುತ್ತಿದೆ. ಕಾರ್ಯದರ್ಶಿ ಭಾಷಣದಲ್ಲಿ ಪಳಗಿದವನು, ಸಂದರ್ಭ ಬಿಡುವವನಲ್ಲ. ಮೈಕು ಹಿಡಿದು, ಗರ್ಭಗುಡಿಯಿಂದ ಹೊರಬರುವ ಭಕ್ತ ದೇವರಿಗೆ ಬೆನ್ನು ತೋರಿಸುವುದಿಲ್ಲ, ಈ ಹಿರಿಯರು ನಾದಕ್ಕೆ ಬೆನ್ನು ತೋರಿಸಲಿಲ್ಲ, ಇಂಥ ರಸಿಕರು ಈಗ ಹಳ್ಳಿಗಳಲ್ಲಿ ಮಾತ್ರ ಉಳಿದಿದ್ದಾರೆ ಎಂದ. ಚಪ್ಪಾಳೆ ಬಿತ್ತು. ಮುಖ್ಯ ಅತಿಥಿಗೆಂದು ತಂದ ಶಾಲು ಶಿವಯೋಗಪ್ಪನ ಹೆಗಲೇರಿತು. ಎರಡು ಮಾತಾಡಿರೆಂದು ಮೈಕು ಕೊಟ್ಟಾಗ, ನಮ್ಮೂರಲ್ಲಿ ಎರ್ರೆಪ್ಪ ಅಂತ ಇದ್ದಾನೆ ಎಂದಷ್ಟೇ ಹೇಳಲು ಅವನಿಂದಾಯಿತು. ಯಾರೋ ಮಹಾವಿದ್ವಾಂಸರ ಹೆಸರಿರಬೇಕೆಂದು ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಇದೆಲ್ಲ ಮುಗಿದು, ಮುಖ್ಯ ಅತಿಥಿಯ ಭಾಷಣವೂ ಮುಗಿಯುವಷ್ಟರಲ್ಲಿ ಸಭಾಂಗಣ ಬಿಟ್ಟುಕೊಡಬೇಕಾದ ಹೊತ್ತು ಮೀರಿತ್ತು. ವಿದ್ವಾಂಸರು ಒಂದು ಮಂಗಳ ಊದಿ ಎದ್ದರು. ಕಲ್ಯಾಣಿ ಅರ್ಧಕ್ಕೇ ಉಳಿಯಿತು. ರಾಗ ಕೊನೆ ಮುಟ್ಟಿದ ದಿನ ಕಣ್ಣೀರು ಬರಲಿಲ್ಲ, ಕಣ್ಣೀರು ಬಂದ ದಿನ ರಾಗ ಕೊನೆ ಮುಟ್ಟಲಿಲ್ಲ. ಈ ಸಲ ಚಪ್ಪರವಾಗಿ ಅಡ್ಡ ಬಂದವನು ತಾನೇ ಎಂದು ಯೋಚಿಸುತ್ತ ಶಿವಯೋಗಪ್ಪ ಆಟೋದಲ್ಲಿ ಕೂತ, ಶಾಲು ಹೊದ್ದುಕೊಂಡು.

ಮಲಗುವ ಮುಂಚೆ ಎರ್ರೆಪ್ಪನಿಗೆ ಕೊಡಬೇಕಾದ ಉತ್ತರವನ್ನು ಅವನು ತೂಗಿ ನೋಡಿದ. ಸುಳ್ಳು ಹೇಳಬೇಡವೆಂದು ಕೇಳಿಕೊಂಡಿದ್ದಾನೆ. ನಿಜ ಹೇಳಿದರೆ ಬದುಕುವುದಿಲ್ಲ. ಕಡೆಗೆ ವ್ಯಾಪಾರಿಯ ಬುದ್ಧಿ ಕೈಹಿಡಿಯಿತು. ಅವರು ಕೂತು ಊದುತ್ತಾರೆ, ನೀನು ನಡೆದು ಊದುತ್ತೀ. ಕೂತು ಊದುವವರಲ್ಲಿ ಅವರು ದೊಡ್ಡವರು, ನಡೆದು ಊದುವವರಲ್ಲಿ ನಿನ್ನನ್ನು ಮೀರಿಸುವವರು ಬೆಂಗಳೂರಿನಲ್ಲೂ ಇಲ್ಲ. ಇದರಲ್ಲಿ ಸುಳ್ಳಿನ ಒಂದು ಎಳೆಯೂ ಇರಲಿಲ್ಲ. ಶಿವಯೋಗಪ್ಪ ತನ್ನ ಜಾಣತನಕ್ಕೆ ತಾನೇ ಮೆಚ್ಚಿಕೊಂಡು, ಮರುದಿನ ಬರಲಿರುವ ಎಲ್ಲರಿಗಿಂತ ದೊಡ್ಡ ವಿದ್ವಾಂಸರನ್ನು ನೆನೆಯುತ್ತ ನಿದ್ದೆಹೋದ.

ಬೆಳಿಗ್ಗೆ ಚಹ ಕುಡಿಯುವಾಗ ಸೋಮಪ್ಪನ ಫೋನು ಬಂತು.

"ಲೇ ಶಿವ್ಯೋಗಿ, ಎರ್ರೆಪ್ಪ ಹೋದ ನೋಡಪಾ. ನೀ ಬರೋತನಕ ಮಣ್ಣಿಗೆ ಎತ್ತಂಗಿಲ್ಲ ಅಂತ ಕೆಂಚಕ್ಕ ಕುಂತಾಳ."

ಶಿವಯೋಗಪ್ಪನಿಗೆ ಮೂರನೆಯ ದಿನದ ಕಛೇರಿ ನೆನಪಿಗೇ ಬರಲಿಲ್ಲ. ತಿಂಡಿ ತಿಂದು ಹೋಗು ಎಂದು ಕೋಮಲಾ ಅನ್ನುವಷ್ಟರಲ್ಲಿ ಅವನು ಮೆಟ್ಟಿಲು ಇಳಿದಿದ್ದ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವನಿಗೆ ಹೊರಗಿನದೇನೂ ಕಾಣಲಿಲ್ಲ. ಎದೆಯ ಮೇಲೆ ಯಾರೋ ತುಂಬಿದ ಚೀಲ ಹೇರಿದ ಹಾಗಿತ್ತು. ಸ್ವಂತ ಅಣ್ಣ ಸತ್ತಾಗಲೂ ಅವನಿಗೆ ಇಷ್ಟು ಭಾರವಾಗಿರಲಿಲ್ಲ. ಎರ್ರೆಪ್ಪ ಇಲ್ಲದ ಕೊಟ್ಟೂರಿನಲ್ಲಿ ಇನ್ನು ತಾನು ಯಾವುದರ ಎದುರಿಗೆ ನಡೆಯಬೇಕು ಎಂದು ಯೋಚಿಸಿದಾಗ, ಮುದಿ ಜೀವಕ್ಕೆ ಮೊದಲ ಸಲ ದಿಕ್ಕು ತಪ್ಪಿದಂತಾಯಿತು.

ಭಜಂತ್ರಿ ಓಣಿಯ ತುಂಬ ಜನ ಕೂಡಿದ್ದರು. ಎರ್ರೆಪ್ಪ ಯಾರ ಯಾರ ಮದುವೆಗೆ ಊದಿದ್ದನೋ, ಯಾರ ಯಾರ ಅಪ್ಪಂದಿರನ್ನು ಮಣ್ಣಿಗೆ ಮುಟ್ಟಿಸಿದ್ದನೋ, ಅವರೆಲ್ಲ ಬಂದಿದ್ದರು. ಅವರು ಎರ್ರೆಪ್ಪನನ್ನು ನೋಡಲು ಬಂದಷ್ಟೇ, ಶಿವಯೋಗಪ್ಪ ಅಳುವುದನ್ನು ನೋಡಲೂ ಬಂದಿದ್ದರು. ಕಂಡವರ ಮಣ್ಣಿಗೆ ಹಾಗೆ ಅಳುವವನು ತನ್ನ ಎರ್ರೆಪ್ಪನಿಗೆ ಹೇಗೆ ಅತ್ತಾನು, ಬಿದ್ದು ಹೊರಳಾಡಿಯಾನು, ಹಿಡಿದುಕೊಳ್ಳಲು ನಾಲ್ಕು ಜನ ಬೇಕಾದೀತು ಎಂದು ಮಾತಾಡಿಕೊಂಡಿದ್ದರು.

ಬ್ಯಾಂಡಿನವರು ಡ್ರಮ್ಮು, ತಾಳ ಹಿಡಿದು ನಿಂತಿದ್ದರು. ಊದುವವರು ಯಾರೂ ಇರಲಿಲ್ಲ. ಹಡಗಲಿಯ ಊದುಗಾರನಿಗೆ ಹೇಳಿ ಕಳಿಸಿದರೆ ಅವನು ಮದುವೆ ಹಿಡಿದಿದ್ದ. ಐದು ತಾಲೂಕಿನ ಊದುಗಾರ ತನ್ನ ಮಣ್ಣಿಗೆ ಬರಿಯ ಡ್ರಮ್ಮಿನ ಸದ್ದಿನಲ್ಲಿ ಹೊರಟ.

ಕೆಂಚಕ್ಕ ಶಿವಯೋಗಪ್ಪನನ್ನು ನೋಡಿ ಎದ್ದು ಬಂದಳು. ಗಂಡ ಎರಡು ದಿನದಿಂದ ಸಾವುಕಾರರು ಬಂದರೇ ಬಂದರೇ ಎಂದು ಕೇಳುತ್ತಿದ್ದನೆಂದು ಹೇಳಿದಳು.

"ಅವಗ ಏನ ಹೇಳಬೇಕಂತಿದ್ರೋ, ಹೇಳಿಬಿಡ್ರಿ. ಕಿವಿ ಇನ್ನಾ ಐತಿ."

ಶಿವಯೋಗಪ್ಪ ಮುಂದೆ ಹೋಗಿ ನಿಂತ. ಎಂದೂ ಉಬ್ಬಿರುತ್ತಿದ್ದ ಆ ಕೆನ್ನೆಗಳು ಒಳಗೆ ಹೋಗಿದ್ದವು. ಬೆಂಗಳೂರಿನಲ್ಲಿ ತೂಗಿ ಇಟ್ಟುಕೊಂಡಿದ್ದ ಮಾತು ಬಾಯಿಗೆ ಬಂತು, ಆದರೆ ಸತ್ತವನ ಮುಂದೆ ಅದು ಬರಿಯ ಅಂಗಡಿಯ ಮಾತಾಗಿ ಕಂಡಿತು. ಅವನು ಹೂವು ಹಾಕಿ ಹಿಂದೆ ಸರಿದ.

ಮೆರವಣಿಗೆ ಹೊರಟಿತು. ರೂಢಿಯಂತೆ ಅವನು ಎದುರಾಗಿ ನಿಂತ, ರೂಢಿಯಂತೆ ಸೋಮಪ್ಪನ ಕೈ ಬೆನ್ನಿಗೆ ಬಂತು. ಈ ಸಲ ನಡುವೆ ಊದುವವನಿಲ್ಲದೆ, ಅವನ ಮುಖ ಮೊದಲ ಬಾರಿಗೆ ನಿಜವಾಗಿ ಸತ್ತವನ ಕಡೆಗೇ ಇತ್ತು. ಬಜಾರು ದಾಟಿತು, ಬಸ್‌ಸ್ಟ್ಯಾಂಡು ದಾಟಿತು. ಎದೆ ಒಡೆಯುವಷ್ಟು ತುಂಬಿಕೊಂಡಿತ್ತು, ಕಣ್ಣಿಗೆ ಮಾತ್ರ ಒಂದು ಹನಿಯೂ ಏರಲಿಲ್ಲ. ಇಷ್ಟು ವರ್ಷ ಕ್ಲಾರಿಯೋನೆಟ್ಟು ಕರೆದಾಗ ಮಾತ್ರ ಬರುವುದನ್ನು ರೂಢಿಮಾಡಿಕೊಂಡ ಕಣ್ಣೀರು, ಕರೆಯುವವನೇ ಮಲಗಿರುವಾಗ ಹೇಗೆ ಬಂದೀತು? ಡ್ರಮ್ಮಿನವರು ಬಡಿಯುತ್ತಲೇ ಇದ್ದರು. ಶಿವಯೋಗಪ್ಪ ಒಣಗಿದ ಮುಖದಲ್ಲಿ, ಕಲ್ಲಿನ ಹಾಗೆ, ಸ್ಮಶಾನ ಮುಟ್ಟಿದ.

ಊರು ಸುಮ್ಮನಿರುತ್ತದೆಯೇ? ಸಂಜೆಯ ಹೊತ್ತಿಗೆ ಹೋಟೆಲಿನಲ್ಲಿ, ಕಟ್ಟೆಯಲ್ಲಿ, ಸಂತೆಯಲ್ಲಿ ಅದೇ ಮಾತು. ಉಳ್ಳವರು ಸತ್ತರೆ ಗಳಗಳ ಅಳುತ್ತಿದ್ದ, ಜೀವಮಾನವೆಲ್ಲ ಊದಿಸಿಕೊಂಡ ಬಡವನಿಗೆ ಒಂದು ಹನಿ ಹಾಕಲಿಲ್ಲ. ಎಷ್ಟೆಂದರೂ ಭಜಂತ್ರಿಯವನಲ್ಲವೇ, ಜಾತಿ ಬಿಟ್ಟೀತೆ ಎಂದರು. ಬೆಂಗಳೂರಿಗೆ ಹೋಗಿ ಶಾಲು ಹೊದ್ದು ಬಂದವನಿಗೆ ನಮ್ಮ ಎರ್ರೆಪ್ಪ ಕಣ್ಣಿಗೆ ಹತ್ತುತ್ತಾನೆಯೇ ಎಂದರು. ಆ ಶಾಲಿನ ಸುದ್ದಿ ಹೇಗೋ ಅವನಿಗಿಂತ ಮುಂಚೆ ಊರು ಸೇರಿತ್ತು.

ನಾಗಲಿಂಗಮ್ಮ ಎಲ್ಲವನ್ನೂ ತಂದು ಗಂಡನಿಗೆ ಒಪ್ಪಿಸಿದಳು. ಶಿವಯೋಗಪ್ಪನಿಗೆ ಬೀದಿಗೆ ಹೋಗಿ ಕೂಗಿ ಹೇಳಬೇಕೆನ್ನಿಸಿತು. ಆದರೆ ಏನೆಂದು ಕೂಗುವುದು? ಎರ್ರೆಪ್ಪನ ಮೇಲೆ ತನಗೆ ಎಷ್ಟು ಜೀವವಿತ್ತೆಂದು ತೋರಿಸಬೇಕಾದರೆ, ನಿಮ್ಮ ಅಪ್ಪನಿಗೆ ನಾನು ಅತ್ತಿರಲಿಲ್ಲ, ನಿಮ್ಮ ಅವ್ವನಿಗೂ ಅತ್ತಿರಲಿಲ್ಲ, ಅವರ್ಯಾರೂ ನನ್ನ ಕಣ್ಣಿಗೇ ಬಿದ್ದಿರಲಿಲ್ಲ ಎಂದು ಮನೆಮನೆಗೆ ಹೋಗಿ ಒಪ್ಪಿಕೊಳ್ಳಬೇಕು. ಅಷ್ಟು ಮನೆಗಳ ಸಮಾಧಾನವನ್ನು ಕಿತ್ತುಕೊಳ್ಳುವ ಧೈರ್ಯ ಅವನಲ್ಲಿರಲಿಲ್ಲ. ನಾಗಲಿಂಗಮ್ಮ, ನನಗಂತೂ ಗೊತ್ತಿದೆ ಬಿಡಿ ಎಂದು ಊಟಕ್ಕೆ ತಾಟು ಹಾಕಿದಳು. ಅವನಿಗೆ ಸಿಕ್ಕ ಸಮಾಧಾನ ಅದೊಂದೇ.

ಒಂದು ತಿಂಗಳು ಕಳೆದಿರಬೇಕು, ಅಡತಿ ಅಂಗಡಿಯ ಕೊಟ್ರಸ್ವಾಮಿ ಎದೆನೋವಿನಿಂದ ಸತ್ತ. ಮಕ್ಕಳು ದಾವಣಗೆರೆಯಿಂದ ಬ್ಯಾಂಡು ಕರೆಸಿದರು, ಹೆಣ ಕೂರಿಸಲು ಹೂವಿನ ವಿಮಾನ ಕಟ್ಟಿಸಿದರು. ಶಿವಯೋಗಪ್ಪನಿಗೆ ಹೋಗುವ ಮನಸ್ಸಿರಲಿಲ್ಲ. ಹೋಗದಿದ್ದರೆ ಗೋಡೆಯ ಹಗೆ ಸಾಧಿಸಿದ ಎನ್ನುತ್ತಾರೆ, ಇರುವ ಹೆಸರೇ ಸಾಕು ಎಂದು ನಾಗಲಿಂಗಮ್ಮ ಟವೆಲ್ಲು ತಂದು ಹೆಗಲ ಮೇಲೆ ಹಾಕಿದಳು. ಎಲ್ಲರ ಹಿಂದೆ, ಬಾಲದಲ್ಲಿ, ಮುಖ ಮುಂದಕ್ಕೆ ಮಾಡಿ ಸಭ್ಯನ ಹಾಗೆ ನಡೆದು ಬಂದುಬಿಡಬೇಕೆಂದು ಗಟ್ಟಿಮಾಡಿಕೊಂಡು ಅವನು ಹೋದ.

ದಾವಣಗೆರೆಯ ಊದುಗಾರ ಅಂಥ ಜಾಣನೇನಲ್ಲ. ಉಸಿರು ಸೋರುತ್ತಿತ್ತು, ಮೇಲಕ್ಕೆ ಹೋಗುವಾಗ ಸ್ವರ ಒಡೆಯುತ್ತಿತ್ತು. ಆದರೆ ಅವನು ಹಿಡಿದದ್ದು ಶಿವರಂಜನಿ, ಒಡೆಯುತ್ತಿದ್ದುದು ಎರ್ರೆಪ್ಪನಿಗೆ ಒಡೆಯುತ್ತಿದ್ದ ಜಾಗದಲ್ಲಿಯೇ. ಶಿವಯೋಗಪ್ಪ ಯಾವಾಗ ಜನರನ್ನು ಸರಿಸಿಕೊಂಡು ಮುಂದೆ ಬಂದನೋ, ಯಾವಾಗ ಹಿಂದೆ ತಿರುಗಿ ಎದುರಾದನೋ ಅವನಿಗೇ ತಿಳಿಯದು, ಸೋಮಪ್ಪನ ಕೈ ಮಾತ್ರ ಬೆನ್ನಿಗೆ ಬಂದಿತ್ತು. ತಿಂಗಳಿಂದ ಎದೆಯಲ್ಲಿ ಕಟ್ಟಿದ್ದೆಲ್ಲ ಒಮ್ಮೆಗೇ ಒಡೆಯಿತು. ಟವೆಲ್ಲು ತೊಯ್ದುಹೋಯಿತು. ಎರ್ರೆಪ್ಪನನ್ನು ಮಣ್ಣು ಮಾಡಿದ್ದು ಅವನಿಗೆ ಇವತ್ತು ತಿಳಿಯಿತು. ಬಿಕ್ಕಿ ಬಿಕ್ಕಿ, ಮೈ ಅದುರಿಸಿಕೊಂಡು, ಬಾಯಿಗೆ ಮುಷ್ಟಿ ಒತ್ತಿಕೊಂಡು ಅತ್ತ. ಕೊಟ್ರಸ್ವಾಮಿಯ ಮಕ್ಕಳು ಬೆರಗಾಗಿ ಬಂದು ಅವನ ಕೈ ಹಿಡಿದುಕೊಂಡರು. ನಮ್ಮಪ್ಪನಿಗೂ ನಿಮ್ಮ ಮೇಲೆ ಒಳಗೊಳಗೇ ಪ್ರೀತಿಯಿತ್ತು, ಆ ಗೋಡೆ ನಿಮ್ಮದೇ ಇರಲಿ ಕಾಕಾ ಎಂದು ಹಿರಿಯ ಮಗ ಕಿವಿಯಲ್ಲಿ ಹೇಳಿದ.

ಮೆರವಣಿಗೆ ಭಜಂತ್ರಿ ಓಣಿಯ ಬಾಯಿಗೆ ಬಂತು. ಕ್ಲಾರಿಯೋನೆಟ್ಟಿನ ದನಿ ಕೇಳಿ ಕೆಂಚಕ್ಕ ಹೊರಗೆ ಬಂದು ನಿಂತಿದ್ದಳು. ಹೂವಿನ ವಿಮಾನದಲ್ಲಿ ಕೂತ ಅಡತಿ ಸಾವುಕಾರನನ್ನು ನೋಡಿದಳು. ಅವನ ಮುಂದೆ ಕಣ್ಣೀರು ಸುರಿಸುತ್ತ ಹಿಂದಕ್ಕೆ ನಡೆಯುತ್ತಿರುವ ಶಿವಯೋಗಪ್ಪನನ್ನು ನೋಡಿದಳು. ಇಬ್ಬರ ಕಣ್ಣೂ ಕೂಡಿದವು. ಅವಳ ಮುಖದಲ್ಲಿ ಸಿಟ್ಟು ಕೂಡ ಇರಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇದು ನಿನ್ನ ಗಂಡನಿಗೆ ಎಂದು ಹೇಳಲು ಶಿವಯೋಗಪ್ಪ ಬಾಯಿ ತೆರೆದ. ಅಷ್ಟರಲ್ಲಿ ಊದುಗಾರ ಮೇಲಿನ ಸ್ವರಕ್ಕೆ ಏರಿದ, ಸೋಮಪ್ಪ ಎಡಕ್ಕೆ ಚಿವುಟಿದ. ಶಿವಯೋಗಪ್ಪ ಬಲಕ್ಕೆ ಸರಿದು ಹೆಜ್ಜೆ ಹಾಕಿದ, ಅಳುತ್ತಲೇ.